ಕೆತ್ತಿಕಲ್ ತಿರುವಿನ ಶಬ್ದ

ಕೆತ್ತಿಕಲ್ ತಿರುವಿನಲ್ಲಿ ಮೊದಲು ಬಾಯಿಬಿಟ್ಟು ಕೇಳಿದ್ದು
ಹಿಂದಿನ ಸೀಟಿನ ಅಪೊಲಿನ್ ಟೀಚರ್:
"ಎಂತ ಹಂಝ ಅದು, ಯಾರೋ ನರಳಿದ ಹಾಗೆ?"
ಎಂತದೂ ಇಲ್ಲ ಟೀಚರ್, ಅಂದೆ.

ಸುಳ್ಳು. ತಿಂಗಳಿಂದ ನನ್ನ ಕ್ವಾಲಿಸಿನ ಸ್ಟಿಯರಿಂಗ್
ಎಡಕ್ಕೆ ಒಲ್ಲೆ, ಬಲಕ್ಕೆ ಒಲ್ಲೆ ಅನ್ನುತ್ತಿತ್ತು.
ಆಸ್ಪತ್ರೆಯ ಅಂಗಳದಲ್ಲಿ ರಿವರ್ಸ್ ಹಾಕುವಾಗ
ನೆನೆದ ಗೋಣಿ ಎಳೆದಂತೆ ತೋಳು ಸೋಲುತ್ತಿತ್ತು.
ನಾನು ರೇಡಿಯೋ ದೊಡ್ಡದು ಮಾಡುತ್ತಿದ್ದೆ.

ಸೋಮ, ಬುಧ, ಶುಕ್ರ. ಬೆಳಿಗ್ಗೆ ಐದೂವರೆಗೆ
ಗುರುಪುರದಿಂದ ಕಂಕನಾಡಿ.
ನಾಲ್ಕು ಗಂಟೆ ಹೊತ್ತು ಅವರ ರಕ್ತ
ಹೊರಗೆ ಬಂದು, ತೊಳೆಸಿಕೊಂಡು, ಒಳಗೆ ಹೋಗಬೇಕು.
ಕೈಚೀಲದಲ್ಲಿ ಒಂದು ಬಾಟಲಿ,
ಅದಕ್ಕೆ ನೈಲ್ ಪಾಲಿಶಿನ ಗೆರೆ:
ಇಡೀ ದಿನಕ್ಕೆ ನೀರು ಅಷ್ಟೇ.
ಗಂಜಿಯ ತಿಳಿಯೂ ಲೆಕ್ಕ, ಚಾದ ಗುಟುಕೂ ಲೆಕ್ಕ.
ಮೂವತ್ತೊಂದು ವರ್ಷ ನಮಗೆಲ್ಲ
ಭಿನ್ನರಾಶಿ ಕುಡಿಸಿದವರು
ಈಗ ಲೋಟದ ಕಾಲುಭಾಗವನ್ನು ಸಂಜೆಗೆ ಉಳಿಸುತ್ತಾರೆ.

ಆವತ್ತು ಅವರನ್ನು ಮೆಷಿನಿಗೆ ಒಪ್ಪಿಸಿ
ಬಿಕರ್ನಕಟ್ಟೆಗೆ ಬಂದೆ, ಪೂವಪ್ಪಣ್ಣನ ಗ್ಯಾರೇಜಿಗೆ.
"ಬಾನೆಟ್ ಎತ್ತಿಡು. ತಣಿಯಲಿ ಸ್ವಲ್ಪ.
ಬಿಸಿಯಲ್ಲಿ ಎಣ್ಣೆ ಉಬ್ಬಿಕೊಂಡು ಸುಳ್ಳು ಹೇಳ್ತದೆ."
ಚಾ ಕುಡಿದೆವು, ಗೋಳಿಬಜೆ ತಿಂದೆವು.
ಆಮೇಲೆ ಅವರು ಸಣ್ಣ ಡಬ್ಬಿಯ ಮುಚ್ಚಳ ತಿರುಗಿಸಿ
ಕಡ್ಡಿ ಒರೆಸಿ, ಅದ್ದಿ, ಬೆಳಕಿಗೆ ಹಿಡಿದರು.
ಮೇಲಿನ ಗೆರೆ ದೂರದ ಮಾತು;
ಕೆಳಗಿನ ಗೆರೆಯೇ ಒಣಗಿತ್ತು.

ಬಿಳಿ ಕಾಗದದ ಮೇಲೆ ಎರಡು ಹನಿ.
ಹೊಸತು ಪುನರ್ಪುಳಿ ಶರಬತ್ತಿನ ಬಣ್ಣ.
ನನ್ನದು ಮೂರು ಸಲ ಕುದಿಸಿಟ್ಟ ಕಷಾಯ,
ಮೂಗಿಗೆ ಹಿಡಿದರೆ ಸೀದ ವಾಸನೆ.

"ಬದಲಿಸಿದ್ದು ಯಾವಾಗ?"
"ಅದನ್ನು ಬದಲಿಸ್ಲಿಕ್ಕೆ ಉಂಟಾ?"
ಪೂವಪ್ಪಣ್ಣ ನಗಲಿಲ್ಲ.
"ಇಂಜಿನ್ ಆಯಿಲಿಗಾದರೆ ಓಡಿ ಬರ್ತೀರಿ.
ಇದನ್ನು ಕೇಳುವವರಿಲ್ಲ ಮಾರಾಯ,
ನರಳಿಕೊಂಡೇ ಕೆಲಸ ಮಾಡ್ತದಲ್ಲ, ಅದಕ್ಕೆ.
ತಿಂಗಳಿಗೊಮ್ಮೆ ಇಣುಕಿ ನೋಡು.
ಎರಡು ವರ್ಷಕ್ಕೆ, ಅಷ್ಟರೊಳಗೆ
ಅರುವತ್ತು ಸಾವಿರ ಓಡಿದರೆ ಆಗಲೇ, ಪೂರ್ತಿ ತೆಗೆದು ಹಾಕು.
ಕಡಿಮೆಯಾಯಿತೆಂದು ಸುರಿದು ಸುಮ್ಮನೆ ಹೋಗಬೇಡ,
ಎಲ್ಲಿ ಸೋರ್ತದೆ ಹುಡುಕು.
ಒಳಗೆ ಕೂತು ಕುಡಿಯುವವರು ಯಾರೂ ಇಲ್ಲ."

ಸೋರಿದ್ದು ಪೈಪಿನ ಕುತ್ತಿಗೆಯಲ್ಲಿ, ಬೆವರಿನಷ್ಟು.
ಹೊಸ ಪೈಪು ಹಾಕಿ
ದನಕ್ಕೆ ಮದ್ದು ಹಾಕುವ ದಪ್ಪ ಸಿರಿಂಜಿನಲ್ಲಿ
ಕಪ್ಪು ಎಳೆದರು, ಕೆಂಪು ಎರೆದರು.
"ತಿರುಗಿಸು. ಎಡ. ಬಲ.
ತುದಿಯಲ್ಲಿ ಒತ್ತಿ ಹಿಡಿಯಬೇಡ, ಪಂಪಿನ ಎದೆ ಒಡೀತದೆ."
ಮತ್ತೆ ಎಳೆದರು, ಮತ್ತೆ ಎರೆದರು.
ಹಳೆಯದು ಒಂದೇ ಸಲಕ್ಕೆ ಬಿಟ್ಟು ಹೋಗುವುದಿಲ್ಲ.
ನಾಲ್ಕನೆಯ ಸಲಕ್ಕೆ ನೊರೆ ಇಳಿಯಿತು.
ವಾಚು ನೋಡಿಕೊಂಡೆ: ಅಲ್ಲಿಯೂ ಇನ್ನು ಇಪ್ಪತ್ತೇ ನಿಮಿಷ.

ನಂತೂರು ಸರ್ಕಲ್ಲು ಒಂದು ಬೆರಳಿಗೆ ತಿರುಗಿತು.
ಟೀಚರ್ ತೋಳಿನ ಹತ್ತಿ ಒತ್ತಿಕೊಂಡು ಕಣ್ಣು ಮುಚ್ಚಿದ್ದರು.
ನಿದ್ದೆ ಎಂದುಕೊಂಡೆ. ಕುಡುಪು ದಾಟಿತು, ವಾಮಂಜೂರು ದಾಟಿತು.
ಕೆತ್ತಿಕಲ್ ತಿರುವಿನಲ್ಲಿ ಟಯರಿನ ಸದ್ದು ಮಾತ್ರ.
"ಕಡೆಗೂ ನೋಡಿಸಿದೆ ಅಲ್ಲ?"

"ನೋಡಿಸಿದೆ. ಹೊಸ ಕಾರುಗಳಲ್ಲಿ ಈ ಎಣ್ಣೆಯೇ ಇಲ್ಲವಂತೆ,
ಕರೆಂಟಿನಲ್ಲೇ ತಿರುಗ್ತದಂತೆ ಟೀಚರ್."
"ಹಾಗಾ," ಎಂದು ಸಂಕದವರೆಗೆ ಯೋಚಿಸಿದರು.
ಕೆಳಗೆ ಹೊಳೆ ತುಂಬಿ ನಿಂತಿತ್ತು. ಅವರು ಅತ್ತ ನೋಡಲಿಲ್ಲ.

"ಇನ್ನು ಯಾವಾಗ ಬದಲಿಸಬೇಕು?"
"ಎರಡು ವರ್ಷ ಬಿಟ್ಟು."
ತುಟಿಯಲ್ಲೇ ಗುಣಿಸಿದರು, ಕರಿಹಲಗೆಯ ಮುಂದೆ ನಿಂತಂತೆ.
"ಮುನ್ನೂರ ಹನ್ನೆರಡು."
"ಎಂತದು ಟೀಚರ್?"
"ಎಂತದಿಲ್ಲ. ಬ್ರೇಕ್ ಹಾಕು, ದನ ಅಡ್ಡ ಉಂಟು."